ಆಪಾಳ ಜಿನ್ನು, ನನ್ನ ಮೋಹಿನಿ

ಕಾದಂಬರಿ ಅಂದರೆ ಅಚ್ಚಾಗಿಯೇ ಬರಬೇಕು ಅಂತ ಯಾರು ಹೇಳಿದರು? ನಾವಿಬ್ಬರು ಹೆಂಗಸರು ಸೇರಿ ಒಂದು ಕಾದಂಬರಿ ಕಟ್ಟಿದ್ದೆವು, ಒಂದಕ್ಷರ ಬರೆಯದೆ. ಶಿರಾಳಕೊಪ್ಪದಲ್ಲಿ, ಎರಡು ಹಿತ್ತಲುಗಳ ನಡುವಿನ ಮಣ್ಣಿನ ಗೋಡೆಯ ಆಚೆ ಒಬ್ಬಳು, ಈಚೆ ಒಬ್ಬಳು ಕೂತು. ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾನು ಸೊರಬದ ಕಡೆಯಿಂದ ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಬಾಯಿ ಮಾತ್ರ ಹತ್ತು ವರ್ಷ ಸಂಸಾರ ಮಾಡಿದವಳ ಬಾಯಿ.

ಗೋಡೆಯಾಚೆಯವಳನ್ನು ಆಪಾ ಅಂತ ಕರೆಯುತ್ತಿದ್ದೆ. ಅವರ ಮಾತಿನಲ್ಲಿ ಅಕ್ಕ ಅಂತ ಅರ್ಥ. ಮೊದಮೊದಲು ‘ನೀವು’ ಅಂತಿದ್ದೆ, ತಿಂಗಳೊಳಗೆ ‘ನೀನು’ ಆಯಿತು. ಅವಳ ಗಂಡ ಕಲಾಯಿ ಕೆಲಸದವರು. ತಾಮ್ರ, ಹಿತ್ತಾಳೆ ಪಾತ್ರೆಗಳ ಒಳಗೆ ತವರ ಬಳಿದು ಬೆಳ್ಳಗೆ ಮಾಡಿಕೊಡುವ ಕೆಲಸ. ಒಲೆ ಊದುವ ತಿದಿ ಹೆಗಲಿಗೆ ಹಾಕಿಕೊಂಡು ಸೊರಬದ ಹಳ್ಳಿಗಳಿಗೆ ಹೋದರೆಂದರೆ ತಿರುಗಿ ಬರುವುದು ನಮ್ಮೂರ ಸಂತೆಯ ದಿನಕ್ಕೇ. ಮಕ್ಕಳಿಲ್ಲ. ಆಪಾ ಮನೆಯಲ್ಲಿ ಕೂತು ಹಳೇ ಸೀರೆಗಳಿಂದ ಕೌದಿ ಹೊಲಿಯುತ್ತಿದ್ದಳು. ಗೋಡೆ ಒಂದು ಕಡೆ ಮಳೆಗೆ ಕರಗಿ ಎದೆಮಟ್ಟಕ್ಕೆ ಇಳಿದಿತ್ತು. ಮಧ್ಯಾಹ್ನ ನಮ್ಮತ್ತೆ ಮಲಗಿದ ಮೇಲೆ ನಾನು ಅಲ್ಲಿಗೆ ಹಾಜರು.

ಕಥೆ ಶುರುವಾಗಿದ್ದೇ ಜಗಳದಿಂದ. ನಮ್ಮ ತವರಿನ ಕೊಳದ ಹತ್ತಿರ ಒಬ್ಬಳು ಮೋಹಿನಿ ಇದ್ದಾಳೆ, ದಾರಿಹೋಕರನ್ನು ಹೆಸರು ಹಿಡಿದು ಕರೆದು ದಾರಿ ತಪ್ಪಿಸುತ್ತಾಳೆ ಅಂತ ನಾನು ಕೊಚ್ಚಿಕೊಂಡೆ. ಆಪಾ ಸೂಜಿ ನಿಲ್ಲಿಸದೆ, ‘ಹೋಗೇ ಹೋಗೇ, ನಿನ್ನ ಮೋಹಿನಿ ನಮ್ಮ ಜಿನ್ನಿನ ಕಾಲಿನ ಧೂಳಿಗೂ ಸಾಲಲ್ಲ’ ಅಂದಳು. ಅವಳ ಜಿನ್ನು ಅದೇ ಕೊಳದ ದಂಡೆಯ ಹುಣಸೇಮರದಲ್ಲಿ ಬಂದು ಕೂತ. ಬೆಂಕಿಯಿಂದ ಹುಟ್ಟಿದವನು. ನನ್ನವಳು ನೀರಿನವಳು. ಇಬ್ಬರಿಗೂ ಸಾವಿಲ್ಲ. ಇಬ್ಬರಿಗೂ ಬೇಕಾದದ್ದು ಒಂದೇ, ದಾರಿಯಲ್ಲಿ ಬರುವ ಮನುಷ್ಯ. ಹಾವು ಮುಂಗುಸಿ ಹಾಗೆ ಕಾದಾಡಿದರು, ಎಷ್ಟು ರಾಜರ ಕಾಲ ಬಂದು ಹೋಯಿತೋ ಏನೋ. ಅವನ ಮಾತೆಲ್ಲ ಆಪಾಳದು, ಅವಳ ಮಾತೆಲ್ಲ ನನ್ನದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗೆ ನಡೆಯಿತು ನಮ್ಮ ಕಾದಂಬರಿ.

ಒಂದು ಬೇಸಿಗೆ ಆ ದಾರಿಯಲ್ಲಿ ಯಾರೂ ಬರಲಿಲ್ಲ ಅಂತ ಆಪಾ ಹೇಳಿದಳು. ಕಿತ್ತಾಡಲಿಕ್ಕೆ ಮನುಷ್ಯರೇ ಇಲ್ಲ. ಬೇಸರಕ್ಕೆ ಜಿನ್ನು ಮರದಿಂದಿಳಿದು, ‘ನಿನ್ನ ಊಟ ಆಯ್ತಾ?’ ಅಂತ ಮೋಹಿನಿಯನ್ನು ಕೇಳಿದ. ಅಯ್ಯೋ ದೇವರೇ, ನಾನು ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡೆ. ಅಲ್ಲಿಂದ ಅವರಿಬ್ಬರ ಪ್ರೀತಿ. ಹತ್ತಿರ ಬಂದರೆ ಅವನು ಆರುತ್ತಾನೆ, ಇವಳು ಆವಿಯಾಗುತ್ತಾಳೆ, ಆದರೂ ಬಿಡಲಾರರು.

ನಮ್ಮತ್ತೆ ಒಂದು ದಿನ ನಿದ್ದೆಯಿಂದೆದ್ದು ಬಂದು ಕೇಳಿಸಿಕೊಂಡರು. ‘ಹಗಲು ಹೊತ್ತು ಕಥೆ ಹೇಳಬಾರದು ಕಣೇ, ದಾರೀಲಿರೋರು ದಾರಿ ತಪ್ತಾರೆ’ ಅಂದರು. ಆಪಾ ನಕ್ಕು, ‘ನಮ್ಮಮ್ಮನೂ ಇದನ್ನೇ ಹೇಳೋರು’ ಅಂದಳು. ರಾತ್ರಿ ನಮಗೆಲ್ಲಿ ಪುರುಸೊತ್ತು? ಅವಳಿಗೆ ಅವಳ ಒಲೆ, ನನಗೆ ನನ್ನ ಒಲೆ. ನಾವು ಹೇಳುತ್ತಲೇ ಹೋದೆವು.

ಆ ವರ್ಷ ದೀಪಾವಳಿ ಹತ್ತಿರ ಬಂದಾಗ ಆಪಾಳ ಗಂಡ ಎಂದಿನಂತೆ ಹೊರಟರು. ಹಬ್ಬಕ್ಕೆ ಎಲ್ಲರ ಮನೆ ಪಾತ್ರೆಗೂ ಕಲಾಯಿ ಆಗಬೇಕು. ಸಂತೆ ಬಂತು, ಅವರು ಬರಲಿಲ್ಲ. ಮುಂದಿನ ಸಂತೆಗೂ ಇಲ್ಲ. ಆಪಾಳ ಅಣ್ಣ ಶಿಕಾರಿಪುರದಿಂದ ಬಂದ, ನಮ್ಮ ಮನೆಯವರೂ ಜೊತೆಗೆ ಹೋದರು, ಸೊರಬದ ಬಸ್ ಸ್ಟ್ಯಾಂಡಿನಿಂದ ಹಿಡಿದು ಒಂದೊಂದು ಹಳ್ಳಿ ಕೇಳುತ್ತಾ ಬಂದರು. ಕೊನೆಯ ಹಳ್ಳಿಯಲ್ಲಿ ಸಿಕ್ಕಿದ್ದು ಇಷ್ಟೇ: ಕೆಲಸ ಮುಗಿಸಿ, ಊಟ ಮಾಡಿ, ಸುಡುಮಧ್ಯಾಹ್ನ ಬಸ್ಸಿನ ರಸ್ತೆಗೆ ಕಾಡಿನ ಒಳದಾರಿ ಹಿಡಿದರು. ರಸ್ತೆಗೆ ಬಂದದ್ದನ್ನು ಕಂಡವರಿಲ್ಲ. ಹುಲಿ ಅಂದರು ಕೆಲವರು, ಹಳ್ಳ ತುಂಬಿತ್ತು ಅಂದರು ಕೆಲವರು. ತಿದಿಯೂ ಸಿಗಲಿಲ್ಲ, ಒಂದು ಚೂರು ಬಟ್ಟೆಯೂ ಸಿಗಲಿಲ್ಲ.

ಸುಡುಮಧ್ಯಾಹ್ನ ಅಂತ ಕೇಳಿದ್ದೇ ನನಗೆ ಅತ್ತೆಯ ಮಾತು ನೆನಪಾಯಿತು. ನಮ್ಮ ಕಥೆಯ ಹೊತ್ತು ಅದು. ಆದರೂ ನಾನು ಒಪ್ಪುವವಳಲ್ಲ. ಕಥೆ ಹೇಳಿದರೆ ಯಾರಾದರೂ ಕಾಡುಪಾಲಾಗುತ್ತಾರಾ? ಹಾಗಾದರೆ ಹರಿಕಥೆ ದಾಸರು ಎಷ್ಟು ಜನರನ್ನು ಮುಗಿಸಿರಬೇಕು! ಹಾಗಂತ ಅವತ್ತೂ ವಾದ ಮಾಡಿದೆ, ಇವತ್ತೂ ಮಾಡುತ್ತೇನೆ.

ಆಪಾ ವಾದ ಮಾಡಲಿಲ್ಲ, ಅಳಲೂ ಇಲ್ಲ. ಮಧ್ಯಾಹ್ನ ಸರಿಯಾಗಿ ಗೋಡೆಯ ಹತ್ತಿರ ಬಂದು ನಿಂತು, ‘ಹೂಂ, ಹೇಳು, ಎಲ್ಲಿಗೆ ಬಂದಿತ್ತು?’ ಅಂದಳು.

‘ಆಪಾ, ಈಗ ಕಥೆ ಯಾಕೆ?’

‘ಕಥೆ ನಿಂತ್ರೆ ಅವ್ರು ನಿಂತಲ್ಲೇ ನಿಂತುಬಿಡ್ತಾರೆ. ನಡೀತಿದ್ರೆ ನಡೀತಾ ಇರ್ತಾರೆ. ಹೇಳು.’

ಏನು ಮಾಡಲಿ? ಹೇಳಿದೆ. ಅವಳು ಕಥೆಯೊಳಗೆ ಒಬ್ಬ ದಾರಿಹೋಕನನ್ನು ತಂದಳು, ಹೆಗಲಲ್ಲಿ ತಿದಿ. ಜಿನ್ನು, ಮೋಹಿನಿ ಇಬ್ಬರೂ ಪ್ರೀತಿ ಮರೆತು ಅವನಿಗಾಗಿ ಮತ್ತೆ ಹಳೇ ಜಗಳ ತೆಗೆದರು. ‘ನನ್ನವನು ಬಿಟ್ಟ. ನಿನ್ನವಳು ಬಿಡಲಿ’ ಅಂದಳು ಆಪಾ. ‘ಬಿಟ್ಟಳು’ ಅಂದೆ. ಮರುದಿನ ಬೀದಿ ನೋಡಿ ಬಂದು, ‘ನೀನು ಬಾಯಲ್ಲಿ ಬಿಟ್ಟೆ, ಅವಳು ಬಿಟ್ಟಿಲ್ಲ’ ಅಂದಳು. ಮತ್ತೆ ಮೊದಲಿಂದ ಹೇಳಬೇಕು.

ಆ ದಿನಗಳ ಭಯವನ್ನು ನಾನು ಈಗಲೂ ಮೈಯಿಂದ ಕಳಚಿಲ್ಲ. ಆಪಾಳ ಜಿನ್ನಿನ ಧ್ವನಿ ಗಂಡಸಿನದೇ ಆಗಿಬಿಟ್ಟಿತ್ತು, ಕೇಳಿದರೆ ಕೈಯ ರೋಮ ಏಳುತ್ತಿತ್ತು. ಒಮ್ಮೆ ಇಬ್ಬರೂ ಒಟ್ಟಿಗೇ ಬಾಯಿ ತೆರೆದು ಒಂದೇ ಮಾತು ಹೇಳಿದೆವು: ‘ದಾರಿ ಈ ಕಡೆ ಇಲ್ಲ.’ ಮುಖ ಮುಖ ನೋಡಿಕೊಂಡೆವು. ಇನ್ನೊಂದು ದಿನ ನಾನು ಹಿತ್ತಲಿಗೆ ಬರುವಷ್ಟರಲ್ಲಿ ಗೋಡೆಯಾಚೆ ಕಥೆ ಆಗಲೇ ನಡೆದಿತ್ತು, ಮೆಲ್ಲಗೆ, ನನ್ನ ಮೋಹಿನಿಯ ಮಾತುಗಳು. ಬಗ್ಗಿ ನೋಡಿದರೆ ಅಲ್ಲಿ ಯಾರೂ ಇಲ್ಲ. ಆಪಾ ಒಳಗೆ ಚಾಪೆಯ ಮೇಲೆ ನಿದ್ದೆ ಮಾಡುತ್ತಿದ್ದಳು. ಹಿತ್ತಲ ತುಂಬ ನವಸಾಗರದ ಖಾರ ವಾಸನೆ, ಕಲಾಯಿ ಹಾಕುವಾಗ ಬಿಳಿ ಹೊಗೆ ಏಳುತ್ತದಲ್ಲ, ಅದೇ. ಕಲಾಯಿ ಒಲೆ ಉರಿದು ತಿಂಗಳಾಗಿದ್ದ ಮನೆಯಲ್ಲಿ! ನಾನು ಸೆರಗು ಮೂಗಿಗೆ ಒತ್ತಿಕೊಂಡು ಒಳಗೋಡಿದೆ.

ಅತ್ತೆ ನನಗೆ ಗಾಳಿ ಸೋಕಿದೆ ಅಂತ ನಿಂಬೆಹಣ್ಣು ನಿವಾಳಿಸಿದರು. ಹಿತ್ತಲಿಗೆ ಹೋಗಬೇಡ ಅಂದರು. ಹೋಗದಿದ್ದರೆ ಆಪಾ ಊಟ ಮುಟ್ಟುತ್ತಿರಲಿಲ್ಲ. ನನಗೆ ಅವಳ ಮೇಲೆ ಕೋಪವೂ ಬರುತ್ತಿತ್ತು, ಪಾಪ ಅಂತಲೂ ಅನ್ನಿಸುತ್ತಿತ್ತು, ಎರಡೂ ಒಟ್ಟಿಗೇ.

ಚಳಿ ಕಳೆಯುವ ಹೊತ್ತಿಗೆ ಅವಳ ಅಣ್ಣ ಮತ್ತೆ ಬಂದ. ಒಂಟಿ ಹೆಂಗಸು ಇನ್ನೆಷ್ಟು ದಿನ ಇಲ್ಲಿರುತ್ತೀಯ, ಶಿಕಾರಿಪುರಕ್ಕೆ ನಡಿ ಅಂದ. ಒಳ್ಳೆಯ ಮನುಷ್ಯ, ದನಿ ಏರಿಸಲಿಲ್ಲ. ಆಪಾ ಅಂದದ್ದು ಇಷ್ಟೇ: ‘ಮಣ್ಣು ಹಾಕದೆ ಹೆಂಗೆ ಬರ್ಲಿ ಅಣ್ಣಾ? ಅಲ್ಲೆಲ್ಲೋ ಬಿದ್ದಿರೋರನ್ನ ಹಂಗೇ ಬಿಟ್ಟು ಬರ್ಲಾ?’ ಅಣ್ಣ ಜಗುಲಿಗೆ ಹೋಗಿ ತಲೆ ಹಿಡಿದು ಕೂತ. ಗೋಡೆಯ ಈಚೆ ನಿಂತಿದ್ದ ನನಗೆ ಆಗ ತಿಳಿಯಿತು: ಗಂಡ ಬದುಕಿಲ್ಲ ಅನ್ನುವುದು ಆಪಾಳಿಗೆ ನನಗಿಂತ ಮೊದಲೇ ಗೊತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಒಂದು ಹೆಣ. ಅದನ್ನು ಕೊಡುವ ಶಕ್ತಿ ಅಣ್ಣನಿಗಿಲ್ಲ, ಪೊಲೀಸಿನವರಿಗಿಲ್ಲ.

ಅವಳು ಗೋಡೆಯ ಹತ್ತಿರ ಬಂದಳು. ‘ಎಲ್ಲಿಗೆ ಬಂದಿತ್ತು?’

ನಾನು ಹೇಳಿದೆ. ‘ದಾರಿಹೋಕನಿಗೆ ಸುಸ್ತಾಗಿತ್ತು. ಮರದ ಬುಡದಲ್ಲಿ ತಿದಿ ಇಳಿಸಿ ಕೂತ. ಹಾಗೇ ಕಣ್ಣು ಮುಚ್ಚಿದ. ಮತ್ತೆ ಏಳಲಿಲ್ಲ.’

ಆಪಾ ಗೋಡೆಯ ಮೇಲೆ ಎರಡೂ ಕೈ ಊರಿದ್ದಳು. ಬೈಯಲಿ, ಕೂದಲು ಹಿಡಿದು ಎಳೆಯಲಿ ಅಂದುಕೊಂಡೆ. ಅವಳು, ‘ನೋವಾಯ್ತಾ?’ ಅಂದಳು.

‘ಇಲ್ಲ. ನಿದ್ದೆಯಲ್ಲೇ.’

‘ಆಮೇಲೆ?’

‘ಆಮೇಲೆ ಅವರಿಬ್ಬರೂ ಜಗಳ ಆಡಲಿಲ್ಲ. ಆಡಿ ಏನು ಸಿಗಬೇಕು? ನಿನ್ನವನು ಗುಂಡಿ ತೋಡಿದ. ನನ್ನವಳು ಕೊಳದಿಂದ ನೀರು ತಂದು ಮೈ ತೊಳೆದಳು.’

‘ಯಾರು ತೊಳೆದದ್ದು?’ ಅವಳ ಮುಖ ಗಡುಸಾಯಿತು. ‘ತೆಗಿ ಅವಳ ಕೈ! ಹೊರಗಿನ ಹೆಂಗಸು ಅವ್ರ ಮೈ ಮುಟ್ಟೋ ಹಂಗಿಲ್ಲ.’

ನನಗೇನು ಗೊತ್ತು ಅವರ ಪದ್ಧತಿ? ಗಾಬರಿಯಲ್ಲಿ, ‘ಹಾಗಾದ್ರೆ ನಿನ್ನವನೇ ತೊಳೀಲಿ, ಗಂಡಸಲ್ವಾ’ ಅಂದೆ.

‘ಅವನು ಬೆಂಕಿ. ಸುಡ್ತಾನೆ.’

‘ಮತ್ತೆ ಆ ಕಾಡಲ್ಲಿ ಯಾರನ್ನ ತರಲಿ ಆಪಾ ನಾನು!’ ನನಗೆ ಅಳು ಬಂದುಬಿಟ್ಟಿತು, ಸಿಟ್ಟೂ ಬಂತು.

‘ಗಂಡಸರಿಲ್ಲದಿದ್ರೆ ಹೆಂಡ್ತಿ ತೊಳೀಬಹುದು’ ಅಂದಳು ಆಪಾ, ಮೆತ್ತಗೆ. ‘ಹೆಂಡ್ತಿ ಒಬ್ಬಳೇ. ಅವಳನ್ನ ಕರಿ.’

ಕರೆಯುವುದು ನನ್ನ ಮೋಹಿನಿಯ ಕೆಲಸ. ಅಷ್ಟು ಕಾಲ ದಾರಿ ತಪ್ಪಿಸಲಿಕ್ಕೆಂದೇ ಕರೆದವಳು. ಅವಳ ದನಿಯಲ್ಲೇ ಕರೆದೆ: ‘ಬಾ ಆಪಾ. ಇಲ್ಲಿದ್ದಾರೆ. ನೀರು ಇಟ್ಟಿದ್ದೀನಿ, ಬಾ.’

ಆಪಾ ಹೋದಳು. ಗೋಡೆಯ ಮುಂದೆ ನಿಂತೇ ಕಥೆಯೊಳಗೆ ಹೋದಳು. ಇನ್ನು ಜಿನ್ನಿನ ಧ್ವನಿ ಇಲ್ಲ, ಅವಳದೇ ಧ್ವನಿ. ಮೊದಲು ಬಲಗೈ ಅಂದಳು. ಗೋಡೆಯ ಮೇಲೆ ಅವಳ ಕೈ ಮೆಲ್ಲಗೆ ಆಡುತ್ತಿತ್ತು. ಎಡಗೈ, ಎದೆ, ಬೆನ್ನು, ಒಂದೊಂದನ್ನೂ ಹೇಳಿ, ಅಲ್ಲಿದ್ದ ಹಳೇ ಸುಟ್ಟ ಗಾಯಗಳನ್ನು ಹೇಳಿ, ನೀರು ಹೊಯ್ದಳು. ಕಾಲಿಗೆ ಬಂದಾಗ, ಎಷ್ಟು ನಡೆದಿದ್ದೀರಿ ನೀವು, ಅಂದಳು. ಆಗ ಅತ್ತಳು. ಗಂಡ ಹೋದಂದಿನಿಂದ ಅಳದಿದ್ದವಳು, ಜಗುಲಿಯಿಂದ ಅಣ್ಣ ಎದ್ದು ಬರುವಷ್ಟು ಜೋರಾಗಿ ಅತ್ತಳು. ಅವನನ್ನು ನೋಡಿ ಕೈ ಎತ್ತಿ ಅಲ್ಲೇ ನಿಲ್ಲು ಅಂತ ತಡೆದು, ಮತ್ತೆ ಕೈಗೆ ಬಂದಳು, ಬಲಗೈಗೆ.

‘ಉಗುರಿನ ಸಂದೀಲಿ ಕಪ್ಪು ಹಂಗೇ ಕೂತಿದೆ ತಂಗಿ, ಎಷ್ಟು ತಿಕ್ಕಿದ್ರೂ ಹೋಗ್ತಿಲ್ಲ.’

‘ಇರಲಿ ಬಿಡು ಆಪಾ’ ಅಂದೆ. ‘ಕೆಲಸದ ಕೈ. ಅದು ಹೋಗಲ್ಲ.’

ಅವಳು ಕಣ್ಣೊರೆಸಿಕೊಂಡಳು. ‘ಇರ್ಲಿ. ಹೋಗದಿದ್ರೇ ಒಳ್ಳೇದು. ಸತ್ತೋರೆಲ್ಲ ಎದ್ದು ನಿಲ್ಲೋ ದಿನ ಅಷ್ಟು ಜನರ ನಡುವೆ ನಾನು ಅವ್ರನ್ನ ಗುರ್ತು ಹಿಡಿಯೋದು ಹೆಂಗೆ ಮತ್ತೆ?’