ಮೇಡಂ ಎರೆದ ಚಕ್ರ

ನಮ್ಮ ಮೇಡಂ ಅವರ ಬಲಗೈ ಹೆಬ್ಬೆರಳಿನ ಉಗುರಿನಡಿಯಲ್ಲಿ ಯಾವಾಗಲೂ ಒಂದು ಹಸಿರು ಗೆರೆ ಇರುತ್ತಿತ್ತು. ಎರಕದ ಮಾದರಿಗಳನ್ನು ಮಾಡುವ ಮೇಣ ಅದು. ಎಷ್ಟು ತೊಳೆದರೂ ಹೋಗುವ ಜಾತಿಯದ್ದಲ್ಲ. ಬಸ್ಸಿನಲ್ಲಿ ಪಕ್ಕ ಕುಳಿತ ಹೆಂಗಸರು ಆ ಉಗುರನ್ನೇ ನೋಡಿ, "ಏನು ಪೆಟ್ಟಾಯಿತಾ?" ಎಂದು ಮರುಕಪಡುತ್ತಿದ್ದರಂತೆ. "ಇಲ್ಲಪ್ಪ, ವಿಮಾನ ಮಾಡುವುದು" ಎನ್ನುತ್ತಿದ್ದರಂತೆ ಇವರು. ಆಮೇಲೆ ಇಳಿಯುವವರೆಗೆ ಆ ಸೀಟಿನಲ್ಲಿ ಮಾತಿಲ್ಲ.

ಮಣಿಪಾಲ ಬಿಟ್ಟು ಕಾರ್ಕಳದ ದಾರಿ ಹಿಡಿದರೆ ಸಿಗುತ್ತಿದ್ದ ನಮ್ಮ ಸಣ್ಣ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅವರು ಲೋಹ ಎರಕದ ಪಾಠ ಮಾಡುತ್ತಿದ್ದರು. ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಬಜಗೋಳಿಯಿಂದ ಹೋಗುತ್ತಿದ್ದೆ, ಅವರು ಉಡುಪಿಯಿಂದ ಬರುತ್ತಿದ್ದರು. ಅವರ ತಂದೆ ದೇವಸ್ಥಾನದ ಚಾಕರಿಯಲ್ಲಿದ್ದವರು. ಹೆಣ್ಣುಮಗಳು ಬೆಂಕಿಯ ಮುಂದೆ ನಿಲ್ಲುವುದೇ ಆದರೆ ಅಡುಗೆಮನೆ ಸಾಲದಾ ಎಂದು ನೆಂಟರೊಬ್ಬರು ಕೇಳಿದ್ದಕ್ಕೆ, "ಅಲ್ಲಿ ಬಿಸಿ ಸಾಲುವುದಿಲ್ಲ" ಎಂದು ಉತ್ತರ ಕೊಟ್ಟು ಬಂದಿದ್ದರಂತೆ. ಕುಲುಮೆ ಹೊತ್ತಿಸುವ ಮೊದಲು ಸೆರಗನ್ನು ಸೊಂಟಕ್ಕೆ ಬಿಗಿದು, ಮುಡಿದ ಮಲ್ಲಿಗೆಯನ್ನು ತೆಗೆದು ಸ್ವಿಚ್ ಬೋರ್ಡಿಗೆ ಸಿಕ್ಕಿಸಿ, ಗಂಡಸರ ಅಳತೆಯ ಖಾಕಿ ಕೋಟು ಹಾಕಿಕೊಳ್ಳುತ್ತಿದ್ದರು. ಎರಕ ಮುಗಿದ ಮೇಲೆ ಮಲ್ಲಿಗೆ ಮತ್ತೆ ತಲೆಗೆ.

ಜೆಟ್ ಎಂಜಿನಿನ ಪಾಠ ಅವರು ಶುರುಮಾಡಿದ್ದು ಹೀಗೆ: "ಎಂಜಿನಿನ ಒಳಗಿನ ಚಕ್ರಗಳಿಗೆ ಫ್ಯಾನಿನ ಹಾಗೆ ರೆಕ್ಕೆ ಉಂಟು. ಮುಂದಿನ ರೆಕ್ಕೆಗಳು ಗಾಳಿಯನ್ನು ಒತ್ತುತ್ತವೆ. ಅವನ್ನು ಬಡಿದು ಮಾಡ್ತಾರೆ. ಹಿಂದಿನವು ಬೆಂಕಿಯಲ್ಲಿ ತಿರುಗುತ್ತವೆ. ಅವನ್ನು ಎರೆದು ಮಾಡ್ತಾರೆ. ಯಾಕೆ?"

ಬಾಗಲಕೋಟೆಯ ಗೆಳೆಯನೊಬ್ಬ ನಮ್ಮ ಜೊತೆಗಿದ್ದ. ಅವನ ತಂದೆ ಗಾರೆ ಕೆಲಸಕ್ಕೆಂದು ಮಣಿಪಾಲಕ್ಕೆ ಬಂದು ಇಲ್ಲೇ ನಿಂತವರು. ಅವನು ಎದ್ದು, "ಬಡದ್ರ ಅದಕ್ಕ ಸಿಟ್ಟು ಬರತೈತ್ರಿ ಮೇಡಂ" ಎಂದ. ತರಗತಿಯೆಲ್ಲ ನಕ್ಕಿತು.

ಮೇಡಂ ನಗಲಿಲ್ಲ. "ನೀವು ನಗುವುದೆಂತ? ಅವನು ಹೇಳಿದ್ದು ಸರಿಯೇ ಉಂಟು. ಬೆಂಕಿಗೇ ಬಗ್ಗದ ಲೋಹ ಸುತ್ತಿಗೆಗೆ ಬಗ್ಗುತ್ತದಾ?"

ಲೋಹದ ಒಳಗೆ ಕಾಳುಕಾಳಾಗಿ ಹರಳುಗಳಿರುತ್ತವೆ, ಬಿಸಿಯಲ್ಲಿ ಎಳೆದರೆ ಅದು ಸೋಲುವುದು ಹರಳು ಹರಳು ಕೂಡುವ ಕಡೆಯಲ್ಲಿ ಎಂಬುದನ್ನು ತಿಳಿಸಲು ಮುರಕಲ್ಲಿನ ಗೋಡೆಯನ್ನು ತೋರಿಸಿದರು. ಗೋಡೆ ಬಿರುಕು ಬಿಡುವುದು ಕಲ್ಲಿನಲ್ಲಲ್ಲ, ಸಂದಿನಲ್ಲಿ. ಹಾಗಾಗಿ ದೊಡ್ಡ ಎಂಜಿನುಗಳಲ್ಲಿ ಇಡೀ ರೆಕ್ಕೆಯನ್ನು ಒಂದೇ ಹರಳಾಗಿ ಬೆಳೆಸುತ್ತಾರೆ. "ಕಾರ್ಕಳದ ಗೊಮ್ಮಟನಿಗೆ ಸಂದು ಉಂಟಾ? ಇಲ್ಲ ಅಲ್ವಾ? ಹಾಗೆ." ನಾನು ಚಿಕ್ಕಂದಿನಿಂದ ನೋಡಿದ ಗೊಮ್ಮಟ ಆ ದಿನ ಮೊದಲ ಸಲ ಎಂಜಿನಿಯರಿಂಗಿನ ವಿಷಯವಾದ.

ನಾವು ಕೊನೆಯ ವರ್ಷಕ್ಕೆ ಬರುವಾಗ ಎರಕದ ಪ್ರಯೋಗಾಲಯಕ್ಕೇ ಕುತ್ತು ಬಂತು. ಕಂಪ್ಯೂಟರ್ ಕಲಿಯುವವರ ಸಾಲು ಬೆಳೆಯುತ್ತಿತ್ತು, ಕುಲುಮೆಯ ಹತ್ತಿರ ಸುಳಿಯುವವರಿಲ್ಲ. ಕುಲುಮೆ ಕಿತ್ತು ಆ ಜಾಗವನ್ನು ಕಂಪ್ಯೂಟರ್ ವಿಭಾಗಕ್ಕೆ ಕೊಡುವುದೆಂದು ಆಡಳಿತದವರು ನಿಶ್ಚಯಿಸಿದರು. ಮೇಡಂ ಪ್ರಾಂಶುಪಾಲರ ಕೋಣೆಗೆ ಹೋಗಿ ಒಂದೇ ಮಾತು ಕೇಳಿ ಬಂದರು: ಈ ಕೋಣೆಯಲ್ಲಿ ಎರೆದ ಟರ್ಬೈನ್ ಚಕ್ರವೊಂದು, ಅಂದರೆ ಬೆಂಕಿಯಲ್ಲಿ ತಿರುಗುವ ಆ ಹಿಂದಿನ ಚಕ್ರ, ನಿಜವಾದ ಜೆಟ್ ಎಂಜಿನಿನಲ್ಲಿ ತಿರುಗಿದರೆ ಕೋಣೆ ಉಳಿಯಬೇಕು. "ಆಗಲಿ, ನೋಡುವಾ" ಎಂದರಂತೆ ಅವರು. ಆಗುವ ಕೆಲಸ ಎಂದು ಅವರಿಗೆ ಅನ್ನಿಸಿದ್ದರೆ ಅಷ್ಟು ಸುಲಭಕ್ಕೆ ಒಪ್ಪುತ್ತಿರಲಿಲ್ಲ.

ಲಾರಿಯ ಎಂಜಿನಿಗೆ ಗಾಳಿ ತುಂಬುವ ಹಳೆಯ ಟರ್ಬೋ ಒಂದನ್ನು ಬಿಚ್ಚಿ ಸಣ್ಣ ಎಂಜಿನೊಂದನ್ನು ಕಟ್ಟಿದೆವು. ಅದರ ಬೆಂಕಿಯ ಕಡೆಯ ಚಕ್ರ ಮಾತ್ರ ನಮ್ಮದಾಗಬೇಕು. ವಿಧಾನ ಹೇಳಲಿಕ್ಕೆ ಸುಲಭ. ಮೇಣದಲ್ಲಿ ಚಕ್ರ ಮಾಡಿ, ಸೆರಾಮಿಕ್ ಹಿಟ್ಟಿನ ದ್ರಾವಣದಲ್ಲಿ ಅದ್ದಿ, ಮೇಲೆ ನುಣ್ಣನೆಯ ಮರಳು ಉದುರಿಸಿ ಒಣಗಿಸುವುದು. ಮತ್ತೆ ಅದ್ದುವುದು, ಮತ್ತೆ ಒಣಗಿಸುವುದು. ಹೀಗೆ ಮೇಣದ ಸುತ್ತ ಕಟ್ಟಿದ ಚಿಪ್ಪು ದಪ್ಪವಾದ ಮೇಲೆ ಒಳಗಿನ ಮೇಣ ಕರಗಿಸಿ ತೆಗೆದು, ಆ ಖಾಲಿ ಜಾಗಕ್ಕೆ ಲೋಹ ಎರೆಯುವುದು. ದ್ರಾವಣ ಎಷ್ಟು ದಪ್ಪ ಇರಬೇಕೆಂದು ಕೇಳಿದರೆ, "ನೀರುದೋಸೆಗಿಂತ ದಪ್ಪ, ಉದ್ದಿನ ದೋಸೆಗಿಂತ ತೆಳು" ಎಂದರು. ಗೆಳೆಯ ತಲೆದೂಗಿ ಸೌಟು ಎತ್ತಿದ. "ಏ, ದೋಸೆ ನೆನಪಿಗೆ ಮಾತ್ರ ಮಾರಾಯ! ಅಳತೆಯ ಲೋಟದಲ್ಲಿ ನೋಡು" ಎಂದು ಗದರಿದರು.

ಎಲ್ಲ ಸರಿ. ಆದರೆ ಅದು ಆಟಿ ತಿಂಗಳು, ಜಡಿಮಳೆಯ ಆಷಾಢ. ನಮ್ಮ ಕರಾವಳಿಯ ಆಟಿಯಲ್ಲಿ ಹಗ್ಗಕ್ಕೆ ಹಾಕಿದ ಪಂಚೆಯೇ ವಾರಗಟ್ಟಲೆ ಒಣಗುವುದಿಲ್ಲ, ಇನ್ನು ಚಿಪ್ಪು ಒಣಗೀತೇ? ಮುಟ್ಟಿದರೆ ಬೆರಳಿಗೆ ಹಸಿ ತಾಗುತ್ತಿತ್ತು. "ನಮ್ಮ ಕಡೆ ಬಿಸಲಾಗ ಇಟ್ಟು ಚಾ ಕುಡದು ಬರೂದ್ರಾಗ ಒಣಗತಿದ್ದುವ್ರಿ" ಎಂದು ಗೆಳೆಯ ಮಳೆಯನ್ನೇ ಬೈದ.

ಆಗ ಮೇಡಂ ನಮ್ಮೂರಿನ ಯಾರಾದರೂ ಮಾಡುವಂಥದ್ದನ್ನೇ ಮಾಡಿದರು. ಚಿಪ್ಪುಗಳನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಉಡುಪಿಯ ಮನೆಗೆ ಒಯ್ದು, ಒಲೆಯ ಮೇಲಿನ ಅಟ್ಟಳಿಗೆಯಲ್ಲಿ ಸಾಲಾಗಿ ಇಟ್ಟರು. ಮಳೆಗಾಲದಲ್ಲಿ ಕೊಬ್ಬರಿ, ಪುನರ್ಪುಳಿ, ಹಪ್ಪಳ, ಒದ್ದೆ ಸೌದೆ ಎಲ್ಲ ಒಣಗುವುದು ಅಲ್ಲೇ ಅಲ್ಲವೇ. ಅವರ ತಾಯಿ ಬಗ್ಗಿ ನೋಡಿ, "ಇದೆಂತ ಮಗಾ, ತಿನ್ನುವುದಾ?" ಎಂದು ಕೇಳಿದರಂತೆ.

ಬೆಳಿಗ್ಗೆ ನೋಡಿದರೆ ಎಲ್ಲ ಚಿಪ್ಪುಗಳೂ ಬಿರಿದಿದ್ದವು. ಒಲೆಯ ಕಾವಿಗೆ ಚಿಪ್ಪು ಒಣಗುವ ಮೊದಲೇ ಒಳಗಿನ ಮೇಣ ಉಬ್ಬಿ ಒಡೆದಿತ್ತು.

ಬೇರೆ ಯಾರಾದರೂ ಆಗಿದ್ದರೆ ಬುಟ್ಟಿಯನ್ನು ಹಿತ್ತಿಲಲ್ಲಿ ಚೆಲ್ಲಿ ಬರುತ್ತಿದ್ದರು. ಇವರು ಅದನ್ನು ಹಾಗೆಯೇ ತರಗತಿಗೆ ತಂದು ಮೇಜಿನ ಮೇಲೆ ಸುರಿದರು. "ಪುಸ್ತಕ ಹಿಡಿದು ನಾನೇ ಕಲಿಸಿದ್ದು, ಮೇಣಕ್ಕೆ ಕಾವು ತಾಗಬಾರದು ಅಂತ. ಮಳೆ ಕಂಡ ಕೂಡಲೇ ಕೈ ಒಲೆಯ ಕಡೆ ಹೋಯಿತು ನೋಡಿ. ನಮಗೆ ಬೇಕಾದ್ದು ಬಿಸಿ ಅಲ್ಲ, ಒಣಗಾಳಿ." ಆಮೇಲೆ, "ಈ ಊರಿನಲ್ಲಿ ಆಟಿಯಲ್ಲಿ ಒಣಗಾಳಿ ಎಲ್ಲುಂಟು?" ಎಂದು ಕೇಳಿದರು.

ನಮಗೆಲ್ಲ ಗೊತ್ತಿತ್ತು. ಇಡೀ ಕಾಲೇಜಿನಲ್ಲಿ ಹವಾನಿಯಂತ್ರಣ ಇದ್ದದ್ದು ಒಂದೇ ಕಡೆ, ಕಂಪ್ಯೂಟರ್ ಕೋಣೆಯಲ್ಲಿ.

ಹೊಸ ಚಿಪ್ಪಿನ ಮೊದಲ ಪದರ ಅದ್ದಿ, ಅದು ಹಸಿಯಿರುವಾಗಲೇ ಮೇಡಂ ಆ ಕೋಣೆಯ ಬಾಗಿಲಿಗೆ ಹೋದರು. ಹಿಂದೆ ನಾವಿಬ್ಬರು ಟ್ರೇ ಹಿಡಿದುಕೊಂಡು. ಆ ವಿಭಾಗದ ಮುಖ್ಯಸ್ಥರು ಹೌಹಾರಿದರು. "ಮೇಡಂ, ಇಲ್ಲಿಗೆ ಚಪ್ಪಲಿ ಹಾಕಿಕೊಂಡು ಬರಲಿಕ್ಕೆ ನಾನು ಪ್ರಾಂಶುಪಾಲರನ್ನೂ ಬಿಡುವುದಿಲ್ಲ. ನೀವು ಹಸಿ ಮಣ್ಣು ತಂದಿದ್ದೀರಿ!"

"ಮಣ್ಣಲ್ಲ ಸರ್, ಜೆಟ್ ಎಂಜಿನ್."

"ಯಾವುದಾದರೂ ಆಗಲಿ. ನೀವು ಗೆದ್ದರೆ ನನಗೆ ಜಾಗ ಇಲ್ಲ. ಅದು ಗೊತ್ತುಂಟಲ್ಲ ನಿಮಗೆ?"

"ಗೊತ್ತುಂಟು. ನಾವು ಸೋತರೆ ಜಾಗ ಸಿಗುವವರ ಗಾಳಿಯಲ್ಲೇ ಒಣಗಿಸಿದೆವು ಅಂದರೆ ಗೆಲುವಿಗೆ ಒಂದು ಮರ್ಯಾದೆ ಅಲ್ವಾ?"

ಅವರು ಮೇಡಂ ಮುಖ ನೋಡಿದರು, ಟ್ರೇ ನೋಡಿದರು. ಕೊನೆಗೆ, "ಮೂಲೆಯ ಆ ಮೇಜು ತಗೊಳ್ಳಿ. ಕೆಳಗೆ ಪೇಪರ್ ಹಾಸಿ. ಚಪ್ಪಲಿ ಮಾತ್ರ ಹೊರಗೆ" ಎಂದರು. ಅಂದಿನಿಂದ ಒಂದೊಂದು ಪದರಕ್ಕೂ ನಾವು ಬರಿಗಾಲಲ್ಲಿ ಓಡಾಡಿದೆವು. ಕಂಪ್ಯೂಟರಿನ ಹುಡುಗರು, "ನಿಮ್ಮ ಹಪ್ಪಳ ಒಣಗಿತಾ?" ಎಂದು ಕೆಣಕುತ್ತಿದ್ದರು. ಹಪ್ಪಳ ಒಣಗಿತು. ಬೆರಳಲ್ಲಿ ತಟ್ಟಿದರೆ ಮಡಕೆಯಂತೆ ಟಣ್ ಎಂದಿತು.

ಮೇಣ ತೆಗೆಯುವಾಗ ಮೇಡಂ ಚಿಪ್ಪನ್ನು ಧಗಧಗ ಉರಿಯುವ ಕುಲುಮೆಗೇ ನೇರ ನೂಕಿದರು. ನಾವು ಕಣ್ಣು ಮುಚ್ಚಿಕೊಂಡೆವು. "ಹೆದರಬೇಡಿ. ನಿಧಾನ ಕಾಯಿಸಿದರೆ ಮೇಣ ಉಬ್ಬಿ ಒಡೆಯುತ್ತದೆ. ಒಮ್ಮೆಲೇ ಸುಟ್ಟರೆ ಅಂಚಿನ ಮೇಣ ಮೊದಲು ಕರಗಿ ಓಡಿಹೋಗುತ್ತದೆ, ನಡುವಿನದು ಉಬ್ಬಲಿಕ್ಕೆ ಜಾಗ ಉಳಿಯುತ್ತದೆ." ಹಾಗೇ ಆಯಿತು. ನಿಕ್ಕಲ್ ಮಿಶ್ರಲೋಹ ನಮ್ಮಲ್ಲಿ ಇದ್ದದ್ದು ಒಂದೇ ಎರಕಕ್ಕಾಗುವಷ್ಟು. ಗಾಳಿ ಹೀರಿ ತೆಗೆದ ಸಣ್ಣ ಕುಲುಮೆಯೊಳಗೆ ಅದು ಸದ್ದಿಲ್ಲದೆ ಚಿಪ್ಪಿಗೆ ಇಳಿಯಿತು. ತಣಿದ ಮೇಲೆ ಚಿಪ್ಪು ಒಡೆದಾಗ ಒಳಗಿಂದ ಬಂದದ್ದು ಅಂಗೈಯಷ್ಟು ಅಗಲದ ಬೂದುಬಣ್ಣದ ಚಕ್ರ. ರೆಕ್ಕೆಗಳ ಅಂಚು ಎಲ್ಲೂ ಕುಂದಿರಲಿಲ್ಲ. ಮೇಡಂ ಅದನ್ನು ಕಿವಿಯ ಹತ್ತಿರ ಹಿಡಿದು ತಟ್ಟಿ, "ನೋಡುವಾ" ಎಂದರು. ಅಷ್ಟೇ.

ಎಂಜಿನ್ ಓಡಿಸಿದ್ದು ಪ್ರಯೋಗಾಲಯದ ಹಿಂದೆ, ಮರಳಿನ ಚೀಲಗಳ ನಡುವೆ. ಜಿರಿಜಿರಿ ಮಳೆ. ಪ್ರಾಂಶುಪಾಲರು ಬಂದರು, ಕಂಪ್ಯೂಟರ್ ಸರ್ ಕೊಡೆ ಹಿಡಿದು ಬಂದರು, ಅರ್ಧ ಕಾಲೇಜು ಜಗಲಿಯಲ್ಲಿ ನಿಂತಿತು. ಗೆಳೆಯ ಗಾಳಿಯೂದುವ ಯಂತ್ರ ಹಿಡಿದ, ನಾನು ಗ್ಯಾಸ್ ಬಿಟ್ಟೆ. ಬೆಂಕಿ ಹತ್ತಿತು. ಸದ್ದು ಮೊದಲು ಶಂಖದಂತಿತ್ತು, ಮೆಲ್ಲ ಏರಿತು. ಆದರೆ ಊದಿದರೆ ಯಾವ ಚಕ್ರವೂ ತಿರುಗುತ್ತದೆ. ಊದುವುದನ್ನು ನಿಲ್ಲಿಸಿದ ಮೇಲೆ ತಾನೇ ಉಸಿರಾಡಬೇಕು, ಪಂಥ ಇದ್ದದ್ದು ಅಲ್ಲಿ.

"ತೆಗಿ" ಎಂದರು ಮೇಡಂ.

ಗೆಳೆಯ ಯಂತ್ರ ಸರಿಸಿದ. ಸದ್ದು ಕುಸಿಯಿತು. ಇನ್ನೂ ಕುಸಿಯಿತು. ಜಗಲಿಯಲ್ಲಿ ಯಾರೋ "ಹೋಯಿತು" ಎಂದರು. ಮೇಡಂ ನನ್ನ ಕಡೆ ತಿರುಗದೆ, "ಗ್ಯಾಸ್ ಇನ್ನೊಂದು ಚೂರು" ಎಂದರು. ತಿರುಪಿದೆ. ಒಂದು ಗಳಿಗೆ ಎಂಜಿನ್ ಗೊಣಗಿತು. ಆಮೇಲೆ, ಎಂಥ ಸದ್ದು ಅದು! ಏರಿತು, ಏರುತ್ತಲೇ ಹೋಯಿತು. ತೆಂಗಿನ ಮರದ ಕಾಗೆಗಳೆಲ್ಲ ಎದ್ದವು, ಕಿಟಕಿಗಳು ನಡುಗಿದವು, ಹಿಂದಿನ ಕೊಳವೆ ಕೆಂಪಾಯಿತು, ಬಿದ್ದ ಮಳೆಹನಿ ಚುಂಯ್ ಎಂದು ಹಬೆಯಾಯಿತು. ಸಿಲಿಂಡರ್ ಮುಗಿಯುವವರೆಗೂ ಓಡಿತು. ಗೆಳೆಯ ಕೆಸರಿನಲ್ಲೇ ಕುಣಿದ. ಕಂಪ್ಯೂಟರ್ ಸರ್ ಕೊಡೆ ಎಸೆದು ಚಪ್ಪಾಳೆ ತಟ್ಟುತ್ತ, "ನನ್ನ ಜಾಗ ಹೋಯಿತಲ್ಲ ಮಾರಾಯ್ರೇ!" ಎಂದು ಕೂಗಿದರು. ಅಷ್ಟು ಸಂತೋಷದಲ್ಲಿ ಸೋತವರನ್ನು ನಾನು ಮತ್ತೆ ಕಂಡಿಲ್ಲ. ಪ್ರಾಂಶುಪಾಲರು ಅಲ್ಲೇ ನಿಂತು, "ಕೋಣೆ ನಿಮ್ಮದೇ ಮೇಡಂ" ಎಂದರು.

ಚಕ್ರವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಲೇಜಿನ ಬಾಗಿಲಲ್ಲಿ ತೋರಿಸಬೇಕೆಂದು ಎಲ್ಲರಿಗೂ ಆಸೆ. ಪೆಟ್ಟಿಗೆಯೂ ಬಂತು. ಮರುವಾರ ಕಿರಿಯರ ತರಗತಿಗೆ ಹೋಗಿ ನೋಡಿದರೆ ಮೇಡಂ ಆ ಚಕ್ರವನ್ನು ನಟ್ಟನಡುವೆ ಎರಡು ಹೋಳು ಮಾಡಿದ್ದರು! ಕೊಯ್ದ ಮೈಯನ್ನು ಉಜ್ಜಿ ಆಮ್ಲ ಹಚ್ಚಿದ್ದರು. ಹರಳುಗಳು ಬಿಡಿಸಿಟ್ಟ ಹಾಗೆ ಕಾಣುತ್ತಿದ್ದವು. ನಡುವಿನಲ್ಲಿ ಸಾಸಿವೆಯಷ್ಟು ದೊಡ್ಡ ಒಂದು ಪೊಳ್ಳು.

ನನಗೆ ಅಳು ಬರುವುದೊಂದು ಬಾಕಿ. "ಗೆದ್ದದ್ದನ್ನೇ ಕತ್ತರಿಸಿದಿರಲ್ಲ ಮೇಡಂ?"

"ಸೋತದ್ದನ್ನು ಎಲ್ಲರೂ ಕತ್ತರಿಸಿ ನೋಡ್ತಾರೆ ಮಾರಾಯ. ಗೆದ್ದದ್ದರ ಹೊಟ್ಟೆಯಲ್ಲಿ ಎಂತ ಉಂಟು ಅಂತ ಯಾರು ನೋಡುವುದು? ಈ ಪೊಳ್ಳು ಈ ಮಕ್ಕಳ ಈ ವರ್ಷದ ಪಾಠ." ಆ ಮಕ್ಕಳು ಎರೆದ ಚಕ್ರದಲ್ಲಿ ಪೊಳ್ಳು ಇರಲಿಲ್ಲ. ಅದನ್ನೂ ಕೊಯ್ದೇ ನೋಡಿದ್ದು.

ಕೆಲವು ವರ್ಷಗಳ ಬಳಿಕ, ಇನ್ನೂ ಪಾಠ ಮಾಡುತ್ತಿದ್ದಾಗಲೇ ಮೇಡಂ ಕಾಯಿಲೆಯಿಂದ ತೀರಿಕೊಂಡರು. ಅಂದು ಬೆಳಿಗ್ಗೆ ಅವರ ಕುಲುಮೆಯಲ್ಲಿ ಎರಕ ನಡೆದಿತ್ತಂತೆ, ನಿಲ್ಲಿಸಬಾರದೆಂದು ಆಸ್ಪತ್ರೆಯಿಂದ ಅವರೇ ಹೇಳಿ ಕಳಿಸಿದ್ದರಂತೆ. ನಾನು ಈಗ ವಿಮಾನದ ಎಂಜಿನಿಗೆ ರೆಕ್ಕೆ ಎರೆಯುವ ಕಾರ್ಖಾನೆಯಲ್ಲಿದ್ದೇನೆ. ಹೊಸ ಅಚ್ಚಿನಿಂದ ಮೊದಲ ಒಳ್ಳೆಯ ರೆಕ್ಕೆ ಬಂದ ದಿನ ಎಲ್ಲರೂ ಕೈಯಿಂದ ಕೈಗೆ ದಾಟಿಸಿ, ಬೆಳಕಿಗೆ ಹಿಡಿದು, ಹಿಗ್ಗುತ್ತಾರೆ. ಅವರ ಹಿಗ್ಗು ಮುಗಿಯುವವರೆಗೆ ಕಾಯುತ್ತೇನೆ. ಆಮೇಲೆ ಅದನ್ನು ಇಸಿದುಕೊಂಡು ಗರಗಸದ ಕಡೆ ನಡೆಯುತ್ತೇನೆ.