ಹಾರುವ ವೀರನಾದ ದೊಡ್ಡಬಸವರಾಜರು

ಕುರುಗೋಡಿನಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿರುವ ದೊಡ್ಡಬಸವರಾಜರಿಗೆ ಒಂದು ಚಟ. ಏನು ಕಂಡರೂ ತೀರ್ಪು ಕೊಡಬೇಕು. ಮದುವೆ ಊಟವಾಗಲಿ, ಹೊಸ ಬಸ್ಸಾಗಲಿ, ಬೀಗರ ಮನೆಯ ಸೋಫಾ ಆಗಲಿ, "ಚಲೋ ಐತಿ, ಆದ್ರ..." ಎಂದು ಶುರು ಮಾಡುತ್ತಾರೆ. ಆ 'ಆದ್ರ' ಮುಗಿಯುವಷ್ಟರಲ್ಲಿ ಎದುರಿಗಿದ್ದವರ ಚಹಾ ಆರಿ ಹೋಗಿರುತ್ತದೆ.

ಕಳೆದ ವರ್ಷ ಅಂಗಡಿಯ ಅಟ್ಟದಿಂದ ಇಳಿಯುವಾಗ ಏಣಿ ಜಾರಿ ಅವರು ಕಾಲು ಮುರಿದುಕೊಂಡರು. ಬಳ್ಳಾರಿಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು, ಹೆಂಡತಿ ಎರ್ರಮ್ಮನ ಜೊತೆ ಅಲ್ಲಿಯೇ ಮಗಳು ಅರುಣಾಳ ಮನೆಯಲ್ಲಿ ಉಳಿದರು. ಮಲಗಿದಲ್ಲಿಂದಲೇ ಮಗಳ ಸಾರು, ಮನೆಯ ಫ್ಯಾನು, ಪಕ್ಕದ ಮನೆಯ ಬಣ್ಣ ಎಲ್ಲಕ್ಕೂ ತೀರ್ಪು ಕೊಟ್ಟು ಮುಗಿಸಿದರು. ಕಡೆಗೆ ಅರುಣಾಳ ಗಂಡ ಸಂಗಮೇಶ್ ತನ್ನ ವಿಡಿಯೋ ಗೇಮನ್ನು ಟಿವಿಗೆ ಜೋಡಿಸಿ, ರಿಮೋಟನ್ನು ಮಾವನ ಕೈಗಿಟ್ಟ.

"ಮಾವಾ, ಇದ್ರಾಗ ನೀವು ಹಾರೋ ವೀರ. ದೊಡ್ಡ ಊರೈತಿ. ಎಲ್ಲಿ ಬೇಕಾದ್ರೂ ಹೋಗ್ರಿ, ಯಾರೂ ಕೇಳಂಗಿಲ್ಲ."

ಮೊದಲ ದಿನವೆಲ್ಲ ವೀರ ಗೋಡೆಗೆ ಡಿಕ್ಕಿ ಹೊಡೆದದ್ದೇ ಹೊಡೆದದ್ದು. ಮರುದಿನ ರಿಮೋಟಿನ ಗುಂಡಿಗಳ ಹದ ಸಿಕ್ಕಿತು. ಆಕಾಶದೆತ್ತರದ ಕಟ್ಟಡದ ತುದಿಯಿಂದ ಜಿಗಿದು, ನೆಲ ತಾಗುವ ಮುನ್ನ ಮೇಲೆದ್ದು, ಸೇತುವೆಯ ಕೆಳಗೆ ತೂರಿ ಸಮುದ್ರದ ಮೇಲೆ ತೇಲಿದಾಗ ದೊಡ್ಡಬಸವರಾಜರ ಎದೆ ಝಲ್ಲೆಂದಿತು. ಬಚ್ಚಲಿಗೆ ಹೋಗಲೂ ಇಬ್ಬರ ಹೆಗಲು ಬೇಕಿದ್ದ ಮನುಷ್ಯ! ಅಂದಿಡೀ ಬಾಯಿಂದ 'ಆದ್ರ' ಹೊರಡಲಿಲ್ಲ. ಜ್ವರ ಬಂದಿರಬೇಕೆಂದು ಎರ್ರಮ್ಮ ಹಣೆ ಮುಟ್ಟಿ ನೋಡಿದರು.

ಆದರೆ ಅದು ಬಹಳ ದಿನ ಉಳಿಯಲಿಲ್ಲ. "ಅಳಿಯಾ, ಹಾರಾಟಕ್ಕ ಎದುರಿಲ್ಲ. ಹೊಡೆದಾಟಾನೂ ಚಲೋ ಐತಿ. ಆದ್ರ ಇಷ್ಟು ದೊಡ್ಡ ಊರಾಗ ಒಂದು ಮನಿ ಬಾಗಿಲಾನೂ ತೆರಿಯಂಗಿಲ್ಲ, ಬರೇ ಗ್ವಾಡಿ! ಕಳ್ಳರೋ, ಎಲ್ಲಾ ಸರ್ಕಲ್‌ನಾಗೂ ಅವರೇ, ಅದೇ ಅಂಗಿ. ನಿನ್ನೆ ಹೊಡದು ಕೆಡವಿದವ ಇವತ್ತು ಮತ್ತ ಬ್ಯಾಂಕಿನ ಮುಂದ ನಿಂತಾನ."

"ಅವನ ಕಾಲಿಗೂ ಪ್ಲಾಸ್ಟರ್ ಹಾಕಿ ಕಳಸ್ರಿ," ಎಂದರು ಎರ್ರಮ್ಮ, ಅವರೆಕಾಯಿ ಸುಲಿಯುತ್ತ. "ಮನ್ಯಾಗ ಬಿದ್ದಿರ್ತಾನ."

ಪ್ಲಾಸ್ಟರ್ ಬಿಚ್ಚಿದ ಡಾಕ್ಟರು ದಿನಾ ನಡೆಯಬೇಕೆಂದರು. ದೊಡ್ಡಬಸವರಾಜರಿಗೆ ಪುರುಸೊತ್ತೆಲ್ಲಿ? ಊರನ್ನೇ ಸುಡಲು ಹೊರಟಿದ್ದ ದೊಡ್ಡ ಖಳ ಇನ್ನೂ ಬಾಕಿ ಇದ್ದ. ಊರುಗೋಲು ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಅಂತೂ ಒಂದು ಭಾನುವಾರ ಸಂಜೆ ಖಳ ನೆಲಕ್ಕುರುಳಿದ. ವೀರನನ್ನು ಬೀದಿಗಿಳಿಸಿ, ಬೀಗರ ಮನೆಗೆ ಬಂದವರಂತೆ ಗತ್ತಿನಿಂದ ನಡೆಸಿದರು. ಎದುರಾದ ದಾರಿಹೋಕ ಇಂಗ್ಲಿಷಿನಲ್ಲಿ ಏನೋ ಗೊಣಗಿದ.

"ಏನಂದ ಅಳಿಯಾ? ಹೊಗಳಿದ್ನೇನು?"

ಸಂಗಮೇಶ್ ನಗು ತಡೆದುಕೊಂಡ. "'ಕಣ್ಣು ಕಾಣಂಗಿಲ್ಲೇನು, ಸರಿದು ನಡಿ' ಅಂದ ಮಾವಾ. ಅವ ಯಾವಾಗ್ಲೂ ಅದನ್ನೇ ಅಂತಾನ."

ದೊಡ್ಡಬಸವರಾಜರ ಮುಖ ಬಾಡಿತು. "ಇಡೀ ಊರು ಉಳಿಸೀನಿ. ಒಂದು ಕಪ್ ಚಾ ಕುಡಿ ಅನ್ನೋರು ಒಬ್ಬರೂ ಇಲ್ಲಲ್ಲೋ!" ರಿಮೋಟನ್ನು ಮಂಚಕ್ಕೆ ಎಸೆದು, ಕೋಲು ಹಿಡಿದು ಕುಂಟುತ್ತ ಬಾಗಿಲು ದಾಟಿಯೇ ಬಿಟ್ಟರು. ಎರ್ರಮ್ಮ ಚಪ್ಪಲಿ ಮೆಟ್ಟದೆ ಹಿಂದೆ ಓಡಿದರು.

ಬೀದಿಯ ತಿರುವಿನಲ್ಲಿ ಪಾಲಯ್ಯನ ಮಿರ್ಚಿ ಬಂಡಿ. ಆತ ಜಾಲರಿ ಸೌಟು ಬಿಟ್ಟು ಸ್ಟೂಲು ಎಳೆದ. "ಕಾಲಿಗೇನಾತ್ರೀ ಯಜಮಾನ್ರ? ಮೊದಲು ಕುಂದ್ರಿ. ಚಾ ಹೇಳ್ತೀನಿ."

ಅಷ್ಟೇ ಸಾಕಾಯಿತು. ದೊಡ್ಡಬಸವರಾಜರು ಕೋಲನ್ನು ಬಂಡಿಗೆ ಆನಿಸಿ ಕುಳಿತರು. ಚಹಾ ಒಳಗಿಳಿದ ಮೇಲೆ ನಾಲಿಗೆ ಎಷ್ಟು ಸಡಿಲವಾಯಿತೆಂದರೆ, ಮಿರ್ಚಿ ತಿನ್ನಲು ಬಂದವರೆಲ್ಲ ಆ ಆಟದ ಗುಣ, ದೋಷ ಪೂರ್ತಿ ಕೇಳಿಯೇ ಹೋಗಬೇಕಾಯಿತು. ಒಬ್ಬನಂತೂ ಕೇಳುತ್ತ ಕೇಳುತ್ತ ಎರಡನೇ ಪ್ಲೇಟು ಮಂಡಕ್ಕಿ ಒಗ್ಗರಣೆ ಹೇಳಿದ. ಎರ್ರಮ್ಮ ಪಕ್ಕದ ಕಲ್ಲಿನ ಮೇಲೆ ಕುಳಿತು, "ಡಾಕ್ಟರಿಗೆ ಮೊದಲೇ ಹೇಳಬೇಕಿತ್ತು, ಇವರಿಗೆ ಮಾತ್ರಿ ಅಲ್ಲ, ಕೇಳೋ ಮಂದಿ ಬೇಕು ಅಂತ," ಎಂದು ಪಾಲಯ್ಯನ ಮುಂದೆ ಗೊಣಗಿದರು. ದಿನಾ ಸಂಜೆ ಅಲ್ಲಿಗೆ ನಡೆದೂ ನಡೆದೂ ಕಾಲು ಸರಿಹೋಯಿತು.

ಈಗ ಅವರು ಕುರುಗೋಡಿನಲ್ಲಿದ್ದಾರೆ. ಬಳ್ಳಾರಿಗೆ ಬಂದಾಗ ಒಂದಿಷ್ಟು ಹೊತ್ತು ಟಿವಿಯ ಮುಂದೆ ಕೂರುವುದುಂಟು. ಕೆಳಗೆ ಬ್ಯಾಂಕಿನ ಮುಂದೆ ಕಳ್ಳರು ಗುಂಡು ಹಾರಿಸುತ್ತಿದ್ದರೆ ತಿರುಗಿಯೂ ನೋಡುವುದಿಲ್ಲ. "ಆ ಊರಿನವರೇ ನೋಡ್ಕೊಳ್ಳಲಿ," ಎಂದು ವೀರನನ್ನು ಮೋಡದ ಮೇಲಕ್ಕೆತ್ತಿ, ಸಮುದ್ರದ ಕಡೆ ತಿರುಗಿಸುತ್ತಾರೆ.