ಕರುವಿಗಿರುವ ಲೆಕ್ಕ ಕೂಸಿಗೇಕಿಲ್ಲ? ಹೊಣಕೆರೆಯ ಮರಿಯಯ್ಯನ ಪ್ರಶ್ನೆ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಹೊಣಕೆರೆಯ ಕೆಂಪಣ್ಣನವರ ಕೊಟ್ಟಿಗೆಯಲ್ಲಿ ಮರಿಯಯ್ಯ ಎಡಗೈಗೆ ಭುಜದುದ್ದದ ಪ್ಲಾಸ್ಟಿಕ್ ಗವಸು ಎಳೆದುಕೊಳ್ಳುತ್ತಿದ್ದಾರೆ. ಪಕ್ಕದಲ್ಲೊಂದು ಅಲ್ಯೂಮಿನಿಯಂ ಜಾಡಿ. ಮುಚ್ಚಳ ತೆಗೆದರೆ ಬಿಳಿ ಹೊಗೆ ನೆಲಕ್ಕಿಳಿಯುತ್ತದೆ. ಅದರೊಳಗಿನಿಂದ ಇಕ್ಕಳದಲ್ಲಿ ಒಂದು ತೆಳು ಕಡ್ಡಿ ಎತ್ತಿ ಬೆಚ್ಚನೆಯ ನೀರಿಗೆ ಬಿಡುತ್ತಾರೆ. ಕಡ್ಡಿಯಲ್ಲಿ ಹೆಪ್ಪುಗಟ್ಟಿದ ಹೋರಿಯ ವೀರ್ಯ ಕರಗುವಷ್ಟರಲ್ಲಿ ಮೇಲಿನ ನಂಬರನ್ನು ಎರಡು ಸಲ ಓದಿ ಬರೆದುಕೊಳ್ಳುತ್ತಾರೆ. ಹಸುವಿನ ಬೆನ್ನು ತಟ್ಟುವುದು ಆಮೇಲೆ.

"ನಿನ್ನೆ ಸಾಯಂಕಾಲ್ದಿಂದ ಒಂದೇ ಸಮ ಅರಚ್ತಾದೆ ಕಣಣ್ಣ" ಎನ್ನುತ್ತಾರೆ ಕೆಂಪಣ್ಣ.

"ಸಾಯಂಕಾಲ ಬೆದೆಗೆ ಬಂದ್ರೆ ಬೆಳಗ್ಗೆ ಸೂಜಿ, ಬೆಳಗ್ಗೆ ಬಂದ್ರೆ ಸಾಯಂಕಾಲ. ಅದ್ಕೇ ಕಣಪ್ಪ ನಂಗೆ ಕೋಳಿ ಕೂಗೋಕ್ ಮುಂಚೆ ಎಚ್ಚರ" ಎಂದು ಮರಿಯಯ್ಯ ಕೈ ತೊಳೆಯಲು ನೀರು ಕೇಳುತ್ತಾರೆ.

ಅವರಿಗೀಗ ಐವತ್ಮೂರು. ಹಾಲಿನ ಸೊಸೈಟಿ ಶುರುವಾದ ಹೊಸತರಲ್ಲಿ ತರಬೇತಿ ಪಡೆದು ಈ ಕೆಲಸಕ್ಕೆ ಬಂದವರು. ಹದಿನಾಲ್ಕು ಹಳ್ಳಿ, ದಿನಕ್ಕೆ ಆರೇಳು ಹಸು, ಭಾನುವಾರವೂ ಬಿಡುವಿಲ್ಲ. ಮೊದಲು ಸೈಕಲ್ಲು, ಈಗ ಹಳೆಯದೊಂದು ಮೊಪೆಡ್. ಒದೆಸಿಕೊಂಡು ಎರಡು ಸಲ ಪಕ್ಕೆಲುಬು ಮುರಿದಿದೆ. ಬೆಳಗಾದರೆ ಸೊಸೈಟಿಯ ಕ್ಯಾನುಗಳಲ್ಲಿ ತುಂಬುವ ಹಾಲಿಗೆ ಇವರ ಕೈಯೇ ಮೂಲ. ಆದರೂ ಮದುವೆ ಮನೆಯ ಪಂಕ್ತಿಯಲ್ಲಿ ಕೂತರೆ "ಸೂಜಿ ಮರಿಯಯ್ಯ, ಕೈ ತೊಳ್ಕಂಡ್ ಬಂದ್ಯೇನ್ಲಾ?" ಎಂಬ ನಗೆ ತಪ್ಪಿಲ್ಲ. ಆ ನಗೆಗೆ ಅವರೂ ನಗುವುದನ್ನು ಕಲಿತಿದ್ದಾರೆ.

ನಗದೆ ಮಾಡುವ ಕೆಲಸವೊಂದಿದೆ. ಕರು ಹುಟ್ಟಿದ ಮೇಲೆ ತಪ್ಪದೆ ಹೋಗಿ ನೋಡುತ್ತಾರೆ; ಎದ್ದು ನಿಂತಿತೇ, ಕೆಚ್ಚಲು ಹಿಡಿಯಿತೇ, ಮೈಯಲ್ಲಿ ಊನವಿದೆಯೇ ಎಂದು ಬರೆದಿಡುತ್ತಾರೆ. ಎಂಟು ವರ್ಷದ ಹಿಂದೆ ಬೇರೆ ಬೇರೆ ಹಳ್ಳಿಗಳಲ್ಲಿ ಮೂರು ಕರು ಮುಂಗಾಲು ಮಡಚಿಕೊಂಡೇ ಹುಟ್ಟಿದವು. ಮೂರಕ್ಕೂ ಹೋರಿ ಒಂದೇ. ಮರಿಯಯ್ಯ ಹಾಲು ಒಕ್ಕೂಟಕ್ಕೆ ಕಾಗದ ಬರೆದರು. ತಿಂಗಳೊಳಗೆ ಆ ನಂಬರಿನ ಕಡ್ಡಿಗಳನ್ನೆಲ್ಲ ಜೀಪಿನಲ್ಲಿ ಬಂದು ವಾಪಸು ಕೊಂಡೊಯ್ದರು. "ಮೂಗು ಮುರ್ಯೋರ್ಗೆ ಏನ್ ಗೊತ್ತು? ನಮ್ ಕಸುಬ್ನಾಗೂ ಒಂದ್ ನೇಮ ಅದೆ" ಎನ್ನುವಾಗ ಅವರ ದನಿ ಏರುತ್ತದೆ.

ಅದೇ ನೇಮವನ್ನು ಅವರು ಮನುಷ್ಯರ ಆಸ್ಪತ್ರೆಯಲ್ಲಿ ಹುಡುಕಿ ಸೋತರು.

ಮಗಳು ಸಿದ್ದಲಿಂಗಮ್ಮನನ್ನು ಅರಕೆರೆಗೆ ಕೊಟ್ಟಿದ್ದರು. ಹನ್ನೊಂದು ವರ್ಷ ಮಕ್ಕಳಾಗಲಿಲ್ಲ. ಅಳಿಯ ಚಿಕ್ಕಸ್ವಾಮಿ ಒಳ್ಳೆಯವನು. ಎರಡನೇ ಮದುವೆಯ ಮಾತೆತ್ತಿದವರನ್ನು ಜಗಲಿಯಿಂದಲೇ ಎಬ್ಬಿಸಿ ಕಳಿಸಿದ. ಯಾರಿಗೂ ಹೇಳದೆ ಹೆಂಡತಿಯನ್ನು ಬೆಂಗಳೂರಿನ ಖಾಸಗಿ ಚಿಕಿತ್ಸಾ ಕೇಂದ್ರವೊಂದಕ್ಕೆ ಕರೆದೊಯ್ದ. ಎರಡು ವರ್ಷ ಚುಚ್ಚುಮದ್ದು, ಎರಡು ಸಲ ನಿರಾಸೆ. ಮೂರನೆಯ ಸಲ ಗಾಜಿನ ತಟ್ಟೆಯಲ್ಲಿ ಫಲಿಸಿದ ಜೀವ ಒಡಲಲ್ಲಿ ನಿಂತಿತು. ತೊಂಬತ್ತೇಳರ ದೀಪಾವಳಿಗೆ ಸ್ನೇಹ ಹುಟ್ಟಿದಳು. ಕೇಂದ್ರದವರು ಮಗುವಿನ ಫೋಟೊ ತೆಗೆದು, ತಮ್ಮ ಸಾಧನೆಯೆಂದು ಗೋಡೆಗೆ ಹಾಕಿಕೊಂಡರು.

ಬಾಣಂತನ ಹೊಣಕೆರೆಯಲ್ಲಿ. ಮಗು ಹೇಗಾಯಿತೆಂದು ಮಗಳು ತವರಿನಲ್ಲಷ್ಟೇ ಹೇಳಿದ್ದಳು. ಮಗುವಿಗೆ ಎರಡು ತಿಂಗಳು ತುಂಬುವ ಹೊತ್ತಿಗೆ ಅಜ್ಜನ ಕಣ್ಣಿಗೆ ಒಂದು ವಿಷಯ ಬಿತ್ತು. ಮೊಲೆಗೆ ಬಾಯಿ ಹಾಕಿದ ಕೂಸು ನಾಲ್ಕು ಗುಟುಕಿಗೇ ಬಿಟ್ಟು ಏದುಸಿರು ಬಿಡುತ್ತದೆ. ಮಾಗಿಯ ಚಳಿಯಲ್ಲೂ ಅದರ ಹಣೆ ಬೆವರುತ್ತದೆ. ಮರಿಯಯ್ಯ ಅದರ ಎದೆಯ ಮೇಲೆ ಅಂಗೈ ಇಟ್ಟರು. ಬೆಕ್ಕು ಗುರುಗುಟ್ಟಿದಂತೆ ಒಳಗೇನೋ ಅದುರುತ್ತಿತ್ತು. ಕಿವಿ ಇಟ್ಟರೆ ಬುಸ್, ಬುಸ್ ಎಂಬ ಸದ್ದು.

"ಎಲ್ಲಾನೂ ಕರ ಅಂತ್ಲೇ ತಿಳ್ಕಬ್ಯಾಡ, ಸುಮ್ಕಿರು" ಎಂದು ಮನೆಯವರು ಗದರಿದರು. ಅವರು ಸುಮ್ಮನಿರಲಿಲ್ಲ. ಮರುದಿನವೇ ಮೈಸೂರಿನ ದೊಡ್ಡಾಸ್ಪತ್ರೆಗೆ ಹೊರಡಿಸಿದರು. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತಿದೆ, ಶಸ್ತ್ರಚಿಕಿತ್ಸೆ ಆಗಲೇಬೇಕು ಎಂದರು ಅಲ್ಲಿನ ವೈದ್ಯರು. ಬೆಂಗಳೂರಿನ ಚಿಕಿತ್ಸೆಯಿಂದಲೇ ಹೀಗಾಯಿತೇ ಎಂದು ಮರಿಯಯ್ಯ ಕೇಳಿದ್ದಕ್ಕೆ ಅವರು ಮುಚ್ಚುಮರೆಯಿಲ್ಲದೆ ಹೇಳಿದರು: "ಹೌದು ಅಂತಲೂ ಹೇಳಲಾರೆ, ಅಲ್ಲ ಅಂತಲೂ ಹೇಳಲಾರೆ. ಹಾಗೆ ಹುಟ್ಟಿದ ಮಕ್ಕಳನ್ನೆಲ್ಲ ಯಾರಾದರೂ ಗಮನಿಸುತ್ತಾ ಬಂದಿದ್ದರೆ ಗೊತ್ತಾಗುತ್ತಿತ್ತು."

ಮರಿಯಯ್ಯ ಬೆಂಗಳೂರಿನ ಬಸ್ಸು ಹತ್ತಿದರು. ಕೇಂದ್ರದಲ್ಲಿ ಮೂರು ಗಂಟೆ ಕೂರಿಸಿ ಒಳಗೆ ಬಿಟ್ಟರು. "ಸ್ವಾಮಿ, ನಿಮ್ಮಿಂದ್ಲೇ ಆಯ್ತು ಅಂತ ನಾ ಅಂತಿಲ್ಲ. ನಿಮ್ ಕೈಲಿ ಆದ ಮಕ್ಳಲ್ಲಿ ಎಷ್ಟ್ ಜನಕ್ಕೆ ಎದೆ ಇಂಗಾಗೈತೆ? ಅದ್ನ ಬರ್ದಿಟ್ಟಿದ್ದೀರಾ?" ಎಂದು ಕೇಳಿದರು.

ಗರ್ಭ ನಿಂತಿತೆಂದು ಖಚಿತವಾದ ಮೇಲೆ ತಮ್ಮ ಹೊಣೆ ಮುಗಿಯಿತೆಂದರು ಅಲ್ಲಿನ ಡಾಕ್ಟರು. ಮಾಮೂಲಿ ಹುಟ್ಟಿದ ಮಕ್ಕಳಿಗೂ ಹೀಗಾಗುತ್ತದೆ ಎಂದರು. ಮುಂದಿನವರನ್ನು ಕರೆಯಲು ಗಂಟೆ ಒತ್ತಿದರು.

"ಆಗ್ತದೆ ಸ್ವಾಮಿ, ನಾನೂ ಒಪ್ತೀನಿ. ಆದ್ರೆ ನಾನು ದನದ್ ಸೂಜಿ ಹಾಕೋನು. ಒಂದ್ ಕರ ಕುಂಟುದ್ರೂ ನಂಗೆ ಗೊತ್ತಾಯ್ತದೆ. ನೀವ್ ಮನುಷ್ಯರ ಕೂಸು ಮಾಡ್ತೀರಿ, ಬದುಕೈತಾ ಅಂತ್ಲೂ ಕೇಳಕ್ಕಿಲ್ಲ!" ಅಷ್ಟು ಹೇಳಿ ಹೊರಬಂದವರು, ಗೋಡೆಯಲ್ಲಿ ನಗುತ್ತಿದ್ದ ಮಕ್ಕಳ ನಡುವೆ ಸ್ನೇಹಳ ಫೋಟೊ ಕಂಡರು. ಕಿತ್ತು ಜೇಬಿಗಿಟ್ಟುಕೊಂಡು ನಡೆದರು. ಕಾವಲುಗಾರ ಅಡ್ಡ ಬಂದ. "ನನ್ ಮೊಮ್ಮಗಳು ಕಣಯ್ಯ, ಕರ್ಕಂಡ್ ಓಗ್ತಾವ್ನಿ" ಎಂದಾಗ ದಾರಿ ಬಿಟ್ಟ.

ಊರಿನಲ್ಲಿ ಕಾದಿದ್ದು ಇನ್ನೊಂದು ಪೆಟ್ಟು. ಮಗು ಹೇಗಾಯಿತೆಂಬ ಗುಟ್ಟು ಅಷ್ಟರಲ್ಲಿ ಹೊರಬಿದ್ದಿತ್ತು. ಬೀಗಿತ್ತಿ ದೊಡ್ಡತಾಯಮ್ಮ ನಾಲ್ಕು ಜನರೆದುರಿಗೇ ಅಂದುಬಿಟ್ಟರು: "ಅಪ್ಪ ಮಾಡೋ ಕಸುಬಿನ್ ಪಾಪ ಮಗಳ ಒಡಲಿಗೆ ಬಂತು." ತೂತು ಕೂಸಿನ ಎದೆಯಲ್ಲಿ, ತಪ್ಪು ಮಾತ್ರ ಹೆತ್ತವಳದು, ಅವಳ ಅಪ್ಪನದು. ಕೈ ತೊಳೆದುಕೊಂಡವರನ್ನು ಕೇಳುವವರೇ ಇಲ್ಲ. ಮರಿಯಯ್ಯ ಜಾಡಿಯನ್ನು ಮೂಲೆಗಿಟ್ಟು ಒಂಬತ್ತು ದಿನ ಮನೆಯಿಂದ ಹೊರಬೀಳಲಿಲ್ಲ.

ಎಬ್ಬಿಸಿದ್ದು ಮಗಳೇ. "ಅಪ್ಪ, ನೀನು ಕೆಲ್ಸ ಬುಟ್ರೆ ಅತ್ತೆ ಆಡಿದ್ ಮಾತೇ ನಿಜ ಆಯ್ತದೆ. ನಿನ್ ಕೈ ಇರ್ನಿಲ್ಲ ಅಂದಿದ್ರೆ ನನ್ ಮಗೀನ್ ಎದೆ ಯಾರ್ ನೋಡ್ತಿದ್ರು? ಏಳು" ಎಂದಳು. ಹತ್ತನೆಯ ದಿನ ಮೊಪೆಡ್ ಮತ್ತೆ ಸದ್ದು ಮಾಡಿತು.

ಸರ್ಕಾರಿ ಹೃದ್ರೋಗ ಆಸ್ಪತ್ರೆಯಲ್ಲಿ ಸರದಿ ಬರುವವರೆಗೆ, ಔಷಧಿಯ ಜೊತೆಗೆ, ಸಿದ್ದಲಿಂಗಮ್ಮ ಹಾಲು ಹಿಂಡಿ ಒಳಲೆಯಲ್ಲಿ ಗಂಟೆಗೊಮ್ಮೆ ಕುಡಿಸಿ ಕೂಸನ್ನು ಉಳಿಸಿಕೊಂಡಳು. ಒಂದು ವರ್ಷ ತುಂಬಿದ ಮೇಲೆ ಶಸ್ತ್ರಚಿಕಿತ್ಸೆ ಆಯಿತು. ಈಗ ಸ್ನೇಹಳಿಗೆ ಇಪ್ಪತ್ತು ತಿಂಗಳು. ಎದೆಯ ನಡುವೆ ಉದ್ದನೆಯ ಗಾಯದ ಗೆರೆಯಿದೆ. ಓಡುತ್ತಾಳೆ, ಬೀಳುತ್ತಾಳೆ, ದೊಡ್ಡತಾಯಮ್ಮನ ಸೊಂಟವೇರಿ ಕಿವಿ ಜಗ್ಗುತ್ತಾಳೆ. ಆಡಿದ ಮಾತನ್ನು ಅಜ್ಜಿ ವಾಪಸು ತೆಗೆದುಕೊಂಡಿಲ್ಲ. ಮರಿಯಯ್ಯ ಮರೆತಿಲ್ಲ.

ಆರೋಗ್ಯ ಇಲಾಖೆಗೆ ಅವರು ಮೂರು ಕಾಗದ ಬರೆದರು. ಒಂದಕ್ಕೂ ಉತ್ತರವಿಲ್ಲ. ಈಗ ತಮ್ಮ ಸುತ್ತಿನಲ್ಲಿ ಬಹುಕಾಲದ ಮೇಲೆ ತೊಟ್ಟಿಲು ಕಟ್ಟಿದ ಮನೆ ಕಂಡರೆ, ಹಸುವಿನ ಮಾತು ಮುಗಿಸಿ ಮೆಲ್ಲಗೆ ಹೇಳುತ್ತಾರೆ: "ಎಂಗಾಯ್ತು ಅಂತ ನಾ ಕೇಳಕ್ಕಿಲ್ಲ. ಒಂದ್ಸಲ ಡಾಕ್ಟ್ರತ್ರ ಮಗೀನ್ ಎದೆ ಕೇಳಿಸ್ಬುಡಿ." ಕೆಲವರು ಬಾಗಿಲು ಹಾಕಿಕೊಂಡಿದ್ದಾರೆ. "ದನದ್ ಡಾಕ್ಟ್ರು ನಮ್ಗೇನ್ ಏಳೋದು" ಎಂದವರೂ ಉಂಟು.

ಹೋದ ತಿಂಗಳು ಕೆ.ಆರ್. ಪೇಟೆ ಕಡೆಯ ದಂಪತಿ ಯಾರಿಂದಲೋ ಕೇಳಿ ಹುಡುಕಿಕೊಂಡು ಬಂದರು. ಅವರದೂ ಚಿಕಿತ್ಸೆಯಿಂದ ಪಡೆದ ಕೂಸು. ಮರಿಯಯ್ಯ ಕೆಲಸಕ್ಕೆ ರಜೆ ಹಾಕಿ ಜೊತೆಗೇ ಮೈಸೂರಿಗೆ ಹೋದರು. ಪರೀಕ್ಷೆ ಮುಗಿಯುವವರೆಗೂ ಹೊರಗೆ ಕಂಬ ಹಿಡಿದು ನಿಂತಿದ್ದರು. ಎದೆ ನೆಟ್ಟಗಿದೆ, ಏನೂ ತೊಂದರೆಯಿಲ್ಲ ಎಂದು ವೈದ್ಯರು ಹೇಳಿದಾಗ ತಾಯಿಗಿಂತ ಮೊದಲು ಅತ್ತವರು ಇವರೇ.

"ಅಷ್ಟ್ ದೂರ ಓಗಿದ್ದು ದಂಡ ಆಯ್ತಲ್ಲ ಅಂದ ಒಬ್ಬ" ಎಂದು ಮರಿಯಯ್ಯ ಕಣ್ಣರಳಿಸುತ್ತಾರೆ. "ದಂಡ ಎಂಗಾಯ್ತದೆ? ಆ ಕೂಸು ಚೆನ್ನಾಗ್ ಅದೆ ಅಂತ ಗೊತ್ತಾಯ್ತಲ್ಲ. ಕೇಳ್ದೇ ಇದ್ದಿದ್ರೆ ಅದಾದ್ರೂ ಎಂಗ್ ಗೊತ್ತಾಗ್ತಿತ್ತು?"